ಕಿಲೋವ್ಯಾಟಿನ ಜಂಬ

ನಮ್ಮ ಸೀಮೆಯಲ್ಲಿ ದೊಡ್ಡ ದನಿಗೆ ಇರುವ ಮರ್ಯಾದೆ ಸಣ್ಣ ದನಿಗೆ ಇಲ್ಲ. ಮದುವೆ ಎಂದರೆ ಮೈಕಾಸುರ. ಮೆರವಣಿಗೆ ಎಂದರೆ ಕಿಟಕಿಯ ಗಾಜು ನಡುಗಿಸುವ ಡಿಜೆ. ಗಣಪತಿ ಕಳಿಸುವ ದಿನವಂತೂ ಮನೆಯಲ್ಲಿ ಬಾಣಂತಿ ಇದ್ದರೆ ಅವಳ ಕಿವಿಗೆ ಅರಳೆ ಇಟ್ಟು ಒಳಕೋಣೆಯಲ್ಲಿ ಕೂರಿಸಬೇಕು. ಸದ್ದು ಹೆಚ್ಚಾದಷ್ಟೂ ಸಂಗತಿ ದೊಡ್ಡದು ಎಂದು ನಂಬಿದ ಗಂಡಸರ ನಡುವೆ ನಾವು ಬದುಕುತ್ತಿದ್ದೇವೆ. ಈ ರೋಗ ಈಗ ಹ್ಯಾಮ್ ರೇಡಿಯೋ ಎಂಬ ಒಳ್ಳೆಯ ಹವ್ಯಾಸಕ್ಕೂ ಅಂಟುವ ಹಾಗೆ ಕಾಣುತ್ತಿದೆ. ಕೆಟ್ಟುಹೋದ ಮೈಕ್ರೋವೇವ್ ಒಲೆಯ ಹೊಟ್ಟೆ ಸೀಳಿ, ಅದರೊಳಗಿನ ಮ್ಯಾಗ್ನೆಟ್ರಾನ್ ಎಂಬ ಕೊಳವೆಯನ್ನು ಕಿತ್ತು, ‘ಹೈ ಪವರ್ ಟ್ರಾನ್ಸ್‌ಮಿಟರ್’ ಕಟ್ಟುತ್ತೇನೆ ಎಂದು ಹೊರಟ ಹುಡುಗರ ಬಗ್ಗೆ, ಅವರ ಬೆನ್ನು ತಟ್ಟುವ ದೊಡ್ಡವರ ಬಗ್ಗೆ ನನಗೆ ಸಿಟ್ಟಿದೆ. ಆ ಸಿಟ್ಟನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹ್ಯಾಮ್ ರೇಡಿಯೋ ಎಂದರೇನೆಂದು ಗೊತ್ತಿಲ್ಲದ ಅಕ್ಕಂದಿರಿಗೆ ಮೊದಲು ಎರಡು ಮಾತು. ಕೇಂದ್ರ ಸರ್ಕಾರ ನಡೆಸುವ ಒಂದು ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದರೆ ಯಾರು ಬೇಕಾದರೂ ಮನೆಯಲ್ಲಿ ಸ್ವಂತ ರೇಡಿಯೋ ಕೇಂದ್ರ ಇಟ್ಟುಕೊಂಡು ಬೇರೆ ಪರವಾನಗಿದಾರರ ಜೊತೆ ಮಾತಾಡಬಹುದು. ಹಾಡು ಪ್ರಸಾರ ಮಾಡುವ ಹಾಗಿಲ್ಲ, ವ್ಯಾಪಾರ ಮಾಡುವ ಹಾಗಿಲ್ಲ. ಪ್ರತಿಯೊಬ್ಬರಿಗೂ ‘ವಿಯು’ ಎಂದು ಶುರುವಾಗುವ ಒಂದು ಸಂಕೇತನಾಮ ಸಿಗುತ್ತದೆ. ನಡುವೆ ಟವರ್ ಬೇಡ, ಸಿಮ್ ಬೇಡ, ರೀಚಾರ್ಜ್ ಬೇಡ. ಕರೆಂಟ್ ಹೋಗಿ, ಫೋನು ಸತ್ತು, ಊರು ಕತ್ತಲಾದ ಮೇಲೂ ಒಂದು ಬ್ಯಾಟರಿ ಇದ್ದರೆ ನಡೆಯುವ ವ್ಯವಸ್ಥೆ ಇದು.

ಈಗ ನಮ್ಮ ಬೀದಿಯ ಹುಡುಗನ ಮಾತಿಗೆ ಬರುತ್ತೇನೆ. ಡಿಪ್ಲೊಮಾ ಓದಿದವನು, ಒಳ್ಳೆಯ ಹುಡುಗ. ಗುಜರಿ ಅಂಗಡಿಯಿಂದ ಒಲೆಯೊಂದನ್ನು ಹೊತ್ತು ತಂದು ಜಗಲಿಯ ಮೇಲೆ ಬಿಚ್ಚಿ ಕೂತಿದ್ದ.

“ಟೀಚರ್, ಎಂಟುನೂರು ವ್ಯಾಟ್ ಐತ್ರಿ ಇದು. ಅಂಗಡ್ಯಾಗ ಸಿಗೋ ಸೆಟ್ಟು ಬರೇ ಐದು ವ್ಯಾಟು. ನೀವೇ ಲೆಕ್ಕ ಹಾಕ್ರಿ!”

“ಲೆಕ್ಕ ಹಾಕೀನಪ್ಪ. ಅದಕ್ಕೇ ಬ್ಯಾಡ ಅನ್ನೋದು.”

ನಾನು ಹಾಕಿದ ಲೆಕ್ಕ ಇಷ್ಟೇ. ಎಂಟುನೂರು ಎಂದರೆ ಐದರ 160 ಪಟ್ಟು. ಹಾಗೆಂದು ದನಿ 160 ಪಟ್ಟು ದೂರ ಹೋಗುವುದಿಲ್ಲ. ದೀಪದ ಬೆಳಕು ದೂರ ಹೋದಂತೆಲ್ಲ ಹರಡಿ ತೆಳುವಾಗುತ್ತದಲ್ಲ, ರೇಡಿಯೋ ಅಲೆಗೂ ಅದೇ ನಿಯಮ. ದೂರ ಎರಡು ಪಟ್ಟಾಗಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. ಉಳಿದದ್ದೆಲ್ಲ ಒಂದೇ ಆಗಿದ್ದು, ನಡುವೆ ಯಾವ ಅಡ್ಡಿಯೂ ಇಲ್ಲದ ಬಯಲಿನಲ್ಲಿ 160 ಪಟ್ಟು ಶಕ್ತಿ ಸುರಿದರೆ ಸಿಗುವುದು ಹನ್ನೆರಡು ಹದಿಮೂರು ಪಟ್ಟು ದೂರ. ಅದೂ ಅಡ್ಡಿ ಇಲ್ಲದಿದ್ದರೆ! ಕೂಡ್ಲಿಗಿ ಸೀಮೆಯ ಬಂಡೆಗುಡ್ಡಗಳನ್ನು ನೋಡಿದವರಿಗೆ ಆ ಮಾತು ಕೇಳಿ ನಗು ಬರಬೇಕು. ಒಲೆಯ ಕೊಳವೆ ಹೊರಡಿಸುವ ಅಲೆ ಒಂದು ಸೆಕೆಂಡಿಗೆ 245 ಕೋಟಿ ಸಲ ತುಯ್ಯುತ್ತದೆ. ಇಷ್ಟು ಸೂಕ್ಷ್ಮವಾದ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೆಟ್ಟಗೆ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಮೇಲಕ್ಕೆ ಹೊರಟರೆ ಆಕಾಶವನ್ನು ತೂರಿ ಹೋಗುತ್ತದೆ, ತಿರುಗಿ ಬರುವುದಿಲ್ಲ. ಅದೇ 7 ಮೆಗಾಹರ್ಟ್ಸಿನ ಅಲೆ ಮೇಲಿನ ಅಯಾನುಗೋಳಕ್ಕೆ ತಾಗಿ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಆ ಅಲೆಯಲ್ಲಿ ಐದು ವ್ಯಾಟಿನಿಂದ ಸಾವಿರಾರು ಕಿಲೋಮೀಟರ್ ಆಚೆಗೆ ಮೋರ್ಸ್ ಕಳಿಸುವ ಹ್ಯಾಮ್‌ಗಳು ಇದ್ದಾರೆ. ಐದು ವ್ಯಾಟು ಮೀರಬಾರದು ಎಂಬುದನ್ನೇ ಆಟದ ನಿಯಮ ಮಾಡಿಕೊಂಡವರಿದ್ದಾರೆ. ಅದಕ್ಕೆ ಕ್ಯೂಆರ್‌ಪಿ ಎನ್ನುತ್ತಾರೆ. ನನ್ನ ಮಟ್ಟಿಗೆ ಜಾಣತನ ಇರುವುದು ಅಲ್ಲಿ.

ಮ್ಯಾಗ್ನೆಟ್ರಾನಿನ ಮೇಲೆ ನನಗೆ ಹಗೆಯಿಲ್ಲ. ಬಹಳ ಚೆಂದದ ವಸ್ತು ಅದು. ನಡುವೆ ಕಾಯುವ ಒಂದು ತಂತಿ. ಸುತ್ತ ತಾಮ್ರದ ಉಂಗುರ, ಅದರಲ್ಲಿ ಸಾಲಾಗಿ ಪುಟ್ಟ ಪುಟ್ಟ ಗೂಡುಗಳು. ಮೇಲೆ ಕೆಳಗೆ ಅಯಸ್ಕಾಂತ. ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ನೇರ ಉಂಗುರಕ್ಕೆ ಹೋಗಬೇಕೆಂದರೂ ಅಯಸ್ಕಾಂತ ಬಿಡುವುದಿಲ್ಲ, ಬಾಗಿಸಿ ಸುತ್ತಿಸುತ್ತದೆ. ಅವು ಗಾಲಿಯ ಅರಗಳ ಹಾಗೆ ಗುಂಪುಗೂಡಿ ತಿರುಗುತ್ತ ಗೂಡುಗಳ ಬಾಯಿಯನ್ನು ಸವರಿಕೊಂಡು ಹೋಗುತ್ತವೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ‘ಹೂಂ’ ಎನ್ನುವುದಿಲ್ಲವೇ, ಹಾಗೆ ಆ ಗೂಡುಗಳು ಮಿಡಿಯುತ್ತವೆ. ಆ ಮಿಡಿತವೇ ಮೈಕ್ರೋವೇವ್. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಶಕ್ತಿ ಹುಟ್ಟಿಸುವ ಈ ಗೂಡುಗಳ ಮಾದರಿಯನ್ನು 1940ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರ್‍ಯಾಂಡಲ್ ಮತ್ತು ಬೂಟ್ ಎಂಬಿಬ್ಬರು ನಡೆಸಿ ತೋರಿಸಿದರು. ಯುದ್ಧದ ಕಾಲ, ವಿಮಾನದಲ್ಲಿ ಒಯ್ಯುವಷ್ಟು ಚಿಕ್ಕ ರೇಡಾರ್ ಸಾಧ್ಯವಾದದ್ದು ಇದರಿಂದ. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಅಮೆರಿಕದ ಪರ್ಸಿ ಸ್ಪೆನ್ಸರ್ ಇದರಿಂದ ಅಡುಗೆ ಮಾಡಬಹುದೆಂದು ಕಂಡುಕೊಂಡ. ಮೊದಲ ಒಲೆ ಆಳುದ್ದ ಇತ್ತು, ಮೂರು ಕ್ವಿಂಟಲ್ ಮೀರಿದ ತೂಕ. ಕೊಲ್ಲುವ ಕೆಲಸಕ್ಕೆ ನೆರವಾದ ವಸ್ತು ಅನ್ನ ಬಿಸಿಮಾಡಲು ಬಂತಲ್ಲ ಎಂದು ನನಗೆ ಅದರ ಮೇಲೆ ಒಂದು ಅಕ್ಕರೆಯೂ ಇದೆ. ಕ್ಯಾನ್ಸರ್ ಆದ ಹೆಂಗಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಎಷ್ಟೋ ಯಂತ್ರಗಳ ಒಳಗೂ ಮ್ಯಾಗ್ನೆಟ್ರಾನ್ ಇರುತ್ತದೆ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕೂಡ ಮ್ಯಾಗ್ನೆಟ್ರಾನ್ ಮಾಡಿದ ಸಂಸ್ಥೆ. ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸದಲ್ಲಿ ಅದು ಬಂಗಾರ.

ಆದರೆ ಮಾತು ಸಾಗಿಸುವುದು ಅದರ ಕೆಲಸವಲ್ಲ. ಮಾತು ಸಾಗಿಸಬೇಕಾದರೆ ಅಲೆ ಒಂದೇ ಶ್ರುತಿಯಲ್ಲಿ ನಿಲ್ಲಬೇಕು. ಒಲೆಯ ಮ್ಯಾಗ್ನೆಟ್ರಾನಿಗೆ ಶ್ರುತಿ ಎಂಬುದೇ ಇಲ್ಲ. ಬಿಸಿಯಾದರೆ ಸರಿಯುತ್ತದೆ, ವೋಲ್ಟೇಜ್ ಏರಿಳಿದರೆ ಸರಿಯುತ್ತದೆ, ಎದುರಿಗಿರುವ ಪಾತ್ರೆ ಬದಲಾದರೂ ಸರಿಯುತ್ತದೆ. ಮೇಲಾಗಿ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಒಲೆಯಲ್ಲಿ ಅದು ಸೆಕೆಂಡಿಗೆ ಐವತ್ತು ಸಲ ಹೊತ್ತಿ ಆರುತ್ತಿರುತ್ತದೆ. ಹ್ಯಾಮ್‌ಗಳು ಮಾತಿಗೆ ಬಳಸುವ ಒಂದು ಕಿರಿದಾದ ಓಣಿ ಮೂರು ಕಿಲೋಹರ್ಟ್ಸಿನಷ್ಟು ಅಗಲ. ಈ ಕೊಳವೆ ಅಂಥ ಸಾವಿರಾರು ಓಣಿಗಳ ಮೇಲೆ ಒಟ್ಟಿಗೆ ಬಿದ್ದು ಹೊರಳುತ್ತದೆ. ಇನ್ನೊಂದು ತಮಾಷೆ ನೋಡಿ. ಅಂತರರಾಷ್ಟ್ರೀಯ ನಿಯಮದಲ್ಲಿ ಈ ಭಾಗದ ಹ್ಯಾಮ್ ಹೊಲ 2300ರಿಂದ 2450 ಮೆಗಾಹರ್ಟ್ಸ್, ಅದೂ ಬೇರೆ ಸೇವೆಗಳಿಗೆ ತೊಂದರೆ ಆಗದ ಹಾಗೆ ಬಳಸಬೇಕಾದದ್ದು. ಒಲೆಗೆ ಗೊತ್ತುಮಾಡಿರುವುದು ಸರಿಯಾಗಿ 2450. ಅಂದರೆ ಬೇಲಿಯ ಮೇಲೇ ಕೂತಿದೆ. ಎತ್ತು ಬೇಲಿಯ ಮೇಲೆ ಕೂತರೆ ಯಾರ ಹೊಲ ಮೇಯುತ್ತದೆಂದು ಹೇಳಬೇಕೆ? ಆಚೆ ಹೊಲದಲ್ಲಿ ನಮ್ಮೆಲ್ಲರ ಮನೆಯ ವೈಫೈ ಇದೆ, ಬ್ಲೂಟೂತ್ ಇದೆ. ಈಚೆ ಮನೆಯವನ ಕಿಲೋವ್ಯಾಟಿನ ಜಂಬಕ್ಕೆ ಆಚೆ ಮನೆಯ ಮಗುವಿನ ಪಾಠ ನಿಲ್ಲುತ್ತದೆ.

“ಹೊರದೇಶದಾಗ ಮಾಡ್ಯಾರಲ್ರೀ” ಎನ್ನುತ್ತಾರೆ. ಮಾಡಿದ್ದಾರೆ, ಅಲ್ಲಗಳೆಯುವುದಿಲ್ಲ. ಸಣ್ಣ, ಸ್ಥಿರವಾದ ಅಲೆಯೊಂದನ್ನು ಕೊಳವೆಯೊಳಗೆ ಕೊಟ್ಟು ಅದರ ಶ್ರುತಿಗೆ ದೊಡ್ಡದನ್ನು ಕಟ್ಟಿಹಾಕುವ ವಿಧಾನ ಇದೆ. ಹಾಗೆ ಕಟ್ಟಿ ಟಿವಿ ಚಿತ್ರ ಕಳಿಸುವ ಪ್ರಯೋಗ ಮಾಡಿದವರಿದ್ದಾರೆ. ಈ ಅಲೆಯ ಸೀಮೆಯಲ್ಲಿ ಚಂದ್ರನಿಗೆ ದನಿ ತಾಗಿಸಿ ವಾಪಸು ಕೇಳುವವರೂ ಇದ್ದಾರೆ. ಆ ಆಟಕ್ಕೆ ಶಕ್ತಿ ಬೇಕು, ಒಪ್ಪುತ್ತೇನೆ. ಅಷ್ಟು ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ದುಬಾರಿ, ಗುಜರಿಯ ಕೊಳವೆ ಅಗ್ಗ, ಅದೂ ನಿಜ. ಗುಜರಿಯಿಂದ ಕಟ್ಟುವುದು ಈ ಹವ್ಯಾಸದ ಅಂದವೇ. ಅದನ್ನು ಬೈಯುವಷ್ಟು ಸಾಹುಕಾರಳು ನಾನಲ್ಲ. ಆದರೆ ಅವರು ಮೊದಲು ಅಳೆಯುವ ಉಪಕರಣ ಕೊಂಡು, ಆಮೇಲೆ ಕೊಳವೆಗೆ ಕೈ ಹಚ್ಚಿದವರು. ನಮ್ಮಲ್ಲಿ ಮೊದಲು ಕೊಳವೆ, ಆಮೇಲೆ ವೀಡಿಯೋ, ಪರವಾನಗಿ ಎಂದೋ ಒಂದು ದಿನ. ಅಳೆಯಲು ಬಾರದವನ ಕೈಯಲ್ಲಿ ಎಂಟುನೂರು ವ್ಯಾಟ್ ಎಂದರೆ ಬ್ರೇಕ್ ಇಲ್ಲದ ತೇರು. ತೇರಿನ ಭಾರ ಎಂಥದೆಂದು ಕೊಟ್ಟೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದ್ದನ್ನು ಕಂಡವರು ನಾವು.

ಅಪಾಯದ ಮಾತಿಗೆ ಬರೋಣ, ಏಕೆಂದರೆ ಅದರಲ್ಲಿ ಪಾಲು ನಮಗೂ ಇದೆ. ಒಲೆಯೊಳಗಿನ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಎರಡು ಸಾವಿರಕ್ಕೆ ಏರಿಸುತ್ತದೆ. ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು ನಾಲ್ಕು ಸಾವಿರದ ಹತ್ತಿರ ಒಯ್ಯುತ್ತವೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಕರೆಂಟು ಕೂತಿರಬಹುದು. ಸ್ವಿಚ್ ಆರಿಸಿದ್ದೇನಲ್ಲ ಎಂದು ಬೆರಳಿಟ್ಟವನು ಏಳದೆ ಹೋಗಬಹುದು. ಇಷ್ಟೇ ವೋಲ್ಟೇಜಿನ ಅದೇ ಟ್ರಾನ್ಸ್‌ಫಾರ್ಮರ್ ಕಿತ್ತು ಹಲಗೆಯ ಮೇಲೆ ಮಿಂಚಿನ ಚಿತ್ತಾರ ಸುಡುವ ವೀಡಿಯೋ ನೋಡಿ, ಹಾಗೆ ಮಾಡಲು ಹೋಗಿ ಅಮೆರಿಕದಲ್ಲಿ ಎಷ್ಟೋ ಜನ ಸತ್ತಿದ್ದಾರೆ. ಇದು ಕಟ್ಟುವವನ ಪಾಲಿನ ಅಪಾಯ.

ನಮ್ಮ ಪಾಲಿನದು ಬೇರೆ. ಒಲೆಯ ಕಬ್ಬಿಣದ ಪೆಟ್ಟಿಗೆ, ಬಾಗಿಲಿನ ಜಾಲರಿ, ಬಾಗಿಲು ತೆರೆದೊಡನೆ ಆರುವ ಸ್ವಿಚ್ಚು ಇವೆಲ್ಲ ಇರುವುದು ಅಲೆ ಹೊರಗೆ ಬಾರದಿರಲೆಂದು. ಪೆಟ್ಟಿಗೆಯಿಂದ ಐದು ಸೆಂಟಿಮೀಟರ್ ದೂರದಲ್ಲಿ ಅಂಗೈಯ ಒಂದು ಚದರ ಸೆಂಟಿಮೀಟರಿಗೆ ಐದು ಮಿಲಿವ್ಯಾಟ್ ಮೀರಿ ಸೋರಬಾರದು ಎಂಬುದು ಒಲೆಗೆ ಇರುವ ಮಿತಿ. ಟ್ರಾನ್ಸ್‌ಮಿಟರ್ ಮಾಡುವುದೆಂದರೆ ಆ ಪೆಟ್ಟಿಗೆಯನ್ನೇ ಕಿತ್ತೆಸೆದು, ಇಡೀ ಎಂಟುನೂರು ವ್ಯಾಟನ್ನು ಬೇಕೆಂದೇ ಹೊರಗೆ ಬಿಟ್ಟು, ಡಿಷ್ ಹಿಡಿದು ಒಂದು ಕಡೆಗೆ ಒಟ್ಟುಗೂಡಿಸುವುದು. ಎಲ್ಲಿ? ಮನೆಯ ಮಾಳಿಗೆಯ ಮೇಲೆ. ಮಾಳಿಗೆಯ ಮೇಲೆ ಬಟ್ಟೆ ಒಣಗಿಸುವವರು ಯಾರು? ಹಪ್ಪಳ ಸಂಡಿಗೆ ಹಾಕಿ ಕಾಗೆ ಕಾಯುವವರು ಯಾರು? ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವಿಕೊಂಡು ಕೂತವರು ಯಾರು? ಈ ಅಲೆ ಒಳಗಿನ ಮಾಂಸವನ್ನು ಕಾಯಿಸುತ್ತದೆ. ಚರ್ಮಕ್ಕೆ ಬೆಂಕಿ ತಾಗಿದ ಹಾಗೆ ಕೂಡಲೇ ಉರಿಯುವುದಿಲ್ಲ, ಹಾಗಾಗಿ ಸರಿಯಬೇಕೆಂದು ತಿಳಿಯುವುದೂ ತಡ. ಕಣ್ಣಿನ ಮಸೂರಕ್ಕೆ ರಕ್ತನಾಳ ಇಲ್ಲ, ಬಿಸಿಯನ್ನು ಹೊತ್ತೊಯ್ಯುವವರಿಲ್ಲ. ಅದು ಮಬ್ಬಾಗಿ ಪೊರೆ ಬರಬಹುದು. ಸಾಹಸ ಅವನದು, ಮಾಳಿಗೆ ನಮ್ಮದು. ನಮ್ಮನ್ನು ಕೇಳಿದವರು ಯಾರು?

(ಇದನ್ನು ಓದಿ ಮೈಕ್ರೋವೇವಿನಲ್ಲಿ ಬಿಸಿಮಾಡಿದ ಅನ್ನ ವಿಷ ಎಂದು ಯಾರೂ ಹೊರಡಬೇಡಿ. ಅದು ಇನ್ನೊಂದು ಸುಳ್ಳು. ಬಾಗಿಲು ಸರಿಯಾಗಿ ಮುಚ್ಚುವ, ಗಟ್ಟಿಯಾಗಿರುವ ಒಲೆಯಲ್ಲಿ ಬಿಸಿಮಾಡಿದ ಅನ್ನ ಬಿಸಿ ಅನ್ನವೇ. ಅಲೆ ಅದರಲ್ಲಿ ಉಳಿದುಕೊಳ್ಳುವುದಿಲ್ಲ. ನಮ್ಮನ್ನು ಹೆದರಿಸಿ ಅಡುಗೆಮನೆಯಲ್ಲೇ ಹೆಚ್ಚು ಹೊತ್ತು ನಿಲ್ಲಿಸುವವರ ಜೊತೆಗೂ ನನಗೆ ಜಗಳ ಇದೆ, ಅದು ಬೇರೆ ದಿನಕ್ಕೆ.)

ದೂರ ಮುಟ್ಟುವ ದನಿ ಹೇಗಿರುತ್ತದೆಂದು ತಿಳಿಯಲು ಹಡಗಲಿ ತಾಲೂಕಿನ ಮೈಲಾರಕ್ಕೆ ಹೋಗಿ ಬನ್ನಿ. ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನ, ಗದ್ದಲವೋ ಗದ್ದಲ. ಗೊರವಯ್ಯ ಬಿಲ್ಲು ಏರಿ ನಿಂತು “ಸದ್ದಲೇ” ಎನ್ನುತ್ತಾನೆ. ಅಷ್ಟು ಜನವೂ ಉಸಿರು ಹಿಡಿಯುತ್ತದೆ. ಅವನು ಹೇಳುವುದು ಒಂದೇ ಸಾಲು. ಸಂಜೆಯೊಳಗೆ ಆ ಸಾಲು ನಾಡೆಲ್ಲ ಮುಟ್ಟಿ, ಮಳೆಬೆಳೆಯವರೂ ರಾಜಕೀಯದವರೂ ತಮತಮಗೆ ಬೇಕಾದ ಅರ್ಥ ಹಚ್ಚುತ್ತ ಕೂರುತ್ತಾರೆ. ಕಾರಣಿಕ ನಿಜವೋ ಸುಳ್ಳೋ ಎಂಬ ಚರ್ಚೆ ನನಗೆ ಬೇಡ. ಆ ದನಿಗೆ ಬಲ ಬಂದದ್ದು ಗಂಟಲಿನಿಂದಲ್ಲ, ಸುತ್ತಲಿನ ಮೌನದಿಂದ. ಹ್ಯಾಮ್ ರೇಡಿಯೋ ಕಲಿತವರಿಗೆ ಮೊದಲು ಹೇಳಿಕೊಡುವುದೂ ಕೇಳುವುದನ್ನೇ: ಓಣಿ ಖಾಲಿ ಇದೆಯೇ ಕೇಳು, ಆಮೇಲೆ ಬಾಯಿ ತೆರೆ. ಕೆಲಸಕ್ಕೆ ಸಾಕಾಗುವಷ್ಟೇ ಶಕ್ತಿ ಬಳಸಬೇಕು ಎಂಬುದು ಅಂತರರಾಷ್ಟ್ರೀಯ ರೇಡಿಯೋ ನಿಯಮದಲ್ಲೇ ಇದೆ.

ಸಾಕಾಗುವಷ್ಟು ಎಂದರೆ ಎಷ್ಟು? 2005ರ ಮೇ 5ರಂದು ಇಸ್ರೋ ಶ್ರೀಹರಿಕೋಟೆಯಿಂದ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋ ತೂಕದ ಉಪಗ್ರಹವನ್ನು ಹಾರಿಸಿತು. ಹೆಸರೇ ಹೇಳುವ ಹಾಗೆ ಹ್ಯಾಮ್‌ಗಳಿಗೆಂದೇ ಕಟ್ಟಿದ್ದು. ಅದರ ದನಿ ಸುಮಾರು ಒಂದು ವ್ಯಾಟ್. ಟಾರ್ಚಿನ ಬಲ್ಬಿನಷ್ಟು! ಅಷ್ಟರಲ್ಲೇ ಅದು ಆರುನೂರು ಕಿಲೋಮೀಟರ್ ಮೀರಿದ ಎತ್ತರದಿಂದ 2014ರವರೆಗೆ ಒಂಬತ್ತು ವರ್ಷ ದೇಶದೇಶದವರ ಮಾತು ದಾಟಿಸಿತು. 1977ರಲ್ಲಿ ಹೊರಟ ವಾಯೇಜರ್ ನೌಕೆಯ ಟ್ರಾನ್ಸ್‌ಮಿಟರ್ ಇಪ್ಪತ್ತಮೂರು ವ್ಯಾಟ್. ಎರಡು ಸಾವಿರ ಕೋಟಿ ಕಿಲೋಮೀಟರಿಗೂ ಆಚೆಯಿಂದ ಅದರ ದನಿಯನ್ನು ಭೂಮಿಯ ಮೇಲೆ ಕೇಳಿಸಿಕೊಂಡಿದ್ದಾರೆ. ಕೇಳುವ ಕಿವಿ ದೊಡ್ಡದು, ಎಪ್ಪತ್ತು ಮೀಟರ್ ಅಗಲದ ಡಿಷ್. ಬಾಯಿ ದೊಡ್ಡದು ಮಾಡುವ ಬದಲು ಕಿವಿ ದೊಡ್ಡದು ಮಾಡಿದವರ ಕಥೆ ಇದು.

ಕಿವಿಯ ಮಾತು ಬಂದಾಗ ಹೆಂಗಸರ ಮಾತು ಬರಲೇಬೇಕು. ಭಾರತಿ ಪ್ರಸಾದ್ ಎಂಬ ಹ್ಯಾಮ್ ಇದ್ದಾರೆ, ಸಂಕೇತನಾಮ ವಿಯು2ಆರ್‌ಬಿಐ. 2004ರ ಡಿಸೆಂಬರಿನಲ್ಲಿ ತಂಡ ಕಟ್ಟಿಕೊಂಡು ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು, ಅಲ್ಲಿಂದ ಲೋಕದ ಹ್ಯಾಮ್‌ಗಳ ಜೊತೆ ಮಾತಾಡಬೇಕೆಂದು. 26ರ ಬೆಳಗ್ಗೆ ಸುನಾಮಿ ಬಂತು. ಫೋನು ಇಲ್ಲ, ಏನೂ ಇಲ್ಲ. ಆಗ ಸುದ್ದಿ ದಾಟಿಸಿದ್ದು ಅವರ ರೇಡಿಯೋ. ಯಾರು ಬದುಕಿದ್ದಾರೆ, ಯಾರಿಗೆ ಏನು ಬೇಕು ಎಂಬ ಮಾತುಗಳು ಹಗಲಿರುಳು ಅವರ ಕೇಂದ್ರದಿಂದ ಮುಖ್ಯನಾಡಿಗೆ ಹೋದವು. ಆ ದಿನಗಳಲ್ಲಿ ಬೇಕಾದದ್ದು ಸ್ಪಷ್ಟವಾಗಿ ಕೇಳಿ, ತಪ್ಪಿಲ್ಲದೆ ಬರೆದುಕೊಂಡು, ಬೇಸರವಿಲ್ಲದೆ ಮತ್ತೆ ಹೇಳುವ ತಾಳ್ಮೆ.

ಇಂಥವರಿದ್ದರೂ ಹ್ಯಾಮ್‌ಗಳ ಭಾಷೆಯಲ್ಲಿ ನಮಗೆ ಇಟ್ಟ ಹೆಸರು ಕೇಳಿ. ಗಂಡಸು ಯಾವ ವಯಸ್ಸಿನವನಾದರೂ ‘ಓಎಂ’, ಅಂದರೆ ಹಿರಿಯ ಗೆಳೆಯ ಎಂಬ ಸಲಿಗೆ. ರೇಡಿಯೋ ಮಾಡುವ ಹೆಂಗಸು ತೊಂಬತ್ತು ವರ್ಷದವಳಾದರೂ ‘ವೈಎಲ್’, ಅಂದರೆ ಹರೆಯದ ಹುಡುಗಿ. ಹೋಗಲಿ, ಅದಾದರೂ ಮುದ್ದಿನ ಮಾತೆನ್ನೋಣ. ಹ್ಯಾಮ್‌ನ ಹೆಂಡತಿಯಾದರೆ ‘ಎಕ್ಸ್‌ವೈಎಲ್’: ಮಾಜಿ ಹರೆಯದ ಹುಡುಗಿ! ತಾಳಿ ಬಿದ್ದೊಡನೆ ನಾವು ಮಾಜಿಗಳು. ಮಾಜಿ ಶಾಸಕರಿಗೆ ಪಿಂಚಣಿಯಾದರೂ ಇದೆ.

ನಮ್ಮ ಕಡೆಯ ಊರೊಂದರಲ್ಲಿ ಕೆಲವು ವರ್ಷದ ಹಿಂದೆ ರೇಡಿಯೋ ಪ್ರಾತ್ಯಕ್ಷಿಕೆ ಇಟ್ಟಿದ್ದರು. ನಾನು ಮತ್ತು ಇಬ್ಬರು ಅಂಗನವಾಡಿ ಕಾರ್ಯಕರ್ತೆಯರು ಹೋಗಿದ್ದೆವು. ನಡೆಸುತ್ತಿದ್ದ ಮಹಾಶಯರು ಬಹಳ ವಿನಯದಿಂದ, “ಮೇಡಂ, ನೀವು ಹೆಸರು ಬರಕೊಳ್ಳೋ ಟೇಬಲ್ ನೋಡ್ಕೊಳ್ರಿ, ಚಾ ಬರುತ್ತೆ” ಎಂದರು. ಒಳಗೆ ಹುಡುಗರ ಗುಂಪಿಗೆ ಅವರು ಹೇಳುತ್ತಿದ್ದುದು ಇದೇ, ಎಷ್ಟು ವ್ಯಾಟ್ ಎಷ್ಟು ವ್ಯಾಟ್ ಎಂದು. ಅಂಗನವಾಡಿಯ ಆ ಹುಡುಗಿ ಕೇಳಿದಳು: “ಸರ್, ನಮ್ಮೂರಾಗ ಕರೆಂಟ್ ಹೋದ್ರ ಇದು ಎಷ್ಟು ತಾಸು ನಡೀತೈತಿ?” ಇಡೀ ದಿನದಲ್ಲಿ ಯಾರಾದರೂ ಕೇಳಿದ ಅರ್ಥವಿದ್ದ ಪ್ರಶ್ನೆ ಅದೊಂದೇ. ಉತ್ತರ ಬರಲಿಲ್ಲ, ಚಾ ಬಂತು.

ಆ ಪ್ರಶ್ನೆ ನಮ್ಮ ಸೀಮೆಗೆ ಎಷ್ಟು ಬೇಕಾದದ್ದೆಂದು 2024ರ ಆಗಸ್ಟ್ 10ರ ರಾತ್ರಿ ಗೊತ್ತಾಯಿತು. ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಹರಿದು ಗೇಟು ಕೊಚ್ಚಿಹೋಯಿತು. ನನ್ನ ಫೋನಿಗೆ ಬಂದ ಸಂದೇಶಗಳಲ್ಲಿ ಅರ್ಧ ಡ್ಯಾಮೇ ಹೋಯಿತೆಂದವು, ಇನ್ನರ್ಧ ಏನೂ ಆಗಿಲ್ಲವೆಂದವು. ಆ ರಾತ್ರಿ ಫೋನುಗಳು ನಡೆಯುತ್ತಿದ್ದವು, ಅದು ನಮ್ಮ ಪುಣ್ಯ. ನಡೆಯದ ರಾತ್ರಿಯೂ ಬರಬಹುದು; 2009ರ ಅಕ್ಟೋಬರಿನ ನೆರೆಯನ್ನು ಉತ್ತರ ಕರ್ನಾಟಕ ಮರೆತಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವೆಲ್ಲ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯ ಊರುಗಳು. ಊರಿಗೆ ಇಬ್ಬರಂತೆ ಹತ್ತು ಜನ ಪರವಾನಗಿ ಪಡೆದು, ಐದು ವ್ಯಾಟಿನ ಕೈಸೆಟ್ಟು ಹಿಡಿದು, ಸರಿಯಾದ ಗುಡ್ಡ ಹತ್ತಿ ನಿಂತರೆ ಈ ಊರುಗಳ ನಡುವೆ ಸುದ್ದಿ ದಾಟಿಸಬಹುದು. ಗುಡ್ಡಗಳನ್ನು ಬೈಯುತ್ತ ಕಿಲೋವ್ಯಾಟ್ ಸುರಿಯುವವನಿಗೆ ಅವು ಅಡ್ಡಿ. ಹತ್ತಿ ನಿಲ್ಲುವವರಿಗೆ ಅವೇ ಗೋಪುರ.

ಆ ಹತ್ತು ಜನ ಹೆಂಗಸರೇ ಏಕಾಗಬಾರದು? ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆಗೆ ಕೂರಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೂಡ ಬೇಡ. ಒಂದಿಷ್ಟು ವಿದ್ಯುತ್ತಿನ ಪಾಠ, ಒಂದಿಷ್ಟು ನಿಯಮ. ಸಂಘದ ಲೆಕ್ಕ ಬರೆಯುವವರು, ಲಸಿಕೆಯ ಪಟ್ಟಿ ಹಿಡಿದು ಮನೆ ಮನೆ ತಿರುಗುವವರು, ಬಾಯಿಪಾಠದ ಮೇಲೆ ನಂಟರಿಷ್ಟರ ಹತ್ತು ಫೋನ್ ನಂಬರ್ ಹೇಳುವವರು ನಮ್ಮಲ್ಲಿ ಎಷ್ಟಿಲ್ಲ? ಅವರಿಗೆ ಆ ಪಾಠ ಹೊರೆಯಲ್ಲ.

ಅಲ್ಲಿಯವರೆಗೆ ನಮ್ಮ ಕೈಲಿ ಆಗುವ ಕೆಲಸಗಳೂ ಇವೆ. ಮನೆಯ ಒಲೆ ಕೆಟ್ಟರೆ ಅದನ್ನು ಬಿಚ್ಚಲು ಹುಡುಗರ ಕೈಗೆ ಕೊಡಬೇಡಿ. ರಿಪೇರಿ ಬಲ್ಲವರಿಗೆ ಕೊಡಿ, ಇಲ್ಲವೆ ಇ-ತ್ಯಾಜ್ಯ ಒಯ್ಯುವವರಿಗೆ ಕೊಡಿ. ಮುಂದಿನ ಸಲ ಯಾವುದೇ ಊರಿನಲ್ಲಿ ಯಾರಾದರೂ ಮ್ಯಾಗ್ನೆಟ್ರಾನ್ ಮೇಜಿನ ಮೇಲಿಟ್ಟು ಜಂಬ ಕೊಚ್ಚಿದರೆ, ಹೆಸರು ಬರೆಯುವ ಟೇಬಲ್ ಬಿಟ್ಟು ಮುಂದಿನ ಸಾಲಿನಲ್ಲಿ ಕೂತು ಕೇಳಿ: ನಿಮ್ಮ ಸಂಕೇತನಾಮ ಏನು? ಈ ಅಲೆ ಎಲ್ಲಿಂದ ಎಲ್ಲಿಗೆ ಹರಡುತ್ತಿದೆ, ಅಳೆದಿದ್ದೀರಾ? ಯಾವುದರಿಂದ ಅಳೆದಿರಿ? ಆ ಕಡೆಯಿಂದ ಉತ್ತರ ಕೊಟ್ಟವರು ಯಾರು? ಮತ್ತೆ, ಈ ಡಿಷ್ ಯಾವ ಕಡೆಗೆ ಮುಖ ಮಾಡಿದೆ, ಆ ಕಡೆ ಯಾರ ಮನೆ ಇದೆ?